ಹೇಳಿದವರು ಯಾರು?

ಎಂಟನೆಯ ಶತಮಾನದ ಇರಾಕ್ ದೇಶ. ಬಸ್ರಾ ನಗರದಲ್ಲಿ ನೆಲೆಸಿದ್ದ ಶುಅಬಾ ಬಿನ್ ಹಜ್ಜಾಜರೆಂಬ ವಿದ್ವಾಂಸರ ಮನೆಯ ಬಾಗಿಲಲ್ಲಿ ಕೆಲವರು ಶಿಷ್ಯರು ಕುಳಿತು ತಾವು ಕಲಿತುದನ್ನು ಒಬ್ಬರಿಗೊಬ್ಬರು ಒಪ್ಪಿಸುತ್ತಿದ್ದರು. ಅವರಲ್ಲಿ ನಸ್ರ್ ಎಂಬಾತನು ಒಂದು ಹದೀಸನ್ನು, ಎಂದರೆ ಮಹಮ್ಮದ್ ಪೈಗಂಬರರ ಮಾತೆಂದು ಪರಂಪರೆಯಿಂದ ಬಂದ ಒಂದು ಹೇಳಿಕೆಯನ್ನು, ಯಾರು ಯಾರಿಗೆ ಹೇಳಿದರೆಂಬ ವಿವರಸಹಿತವಾಗಿ ಹೇಳತೊಡಗಿದನು. ಒಳಗಿದ್ದ ಗುರುಗಳ ಕಿವಿಗೆ ಅದು ಬಿದ್ದಿತು. ಅವರು ಹೊರಗೆ ಬಂದವರೇ ಅವನ ಕೆನ್ನೆಗೆ ಒಂದೇಟು ಹಾಕಿ ಮತ್ತೆ ಒಳಗೆ ಹೋಗಿಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಬಂದು ನೋಡಿದಾಗ ನಸ್ರನು ಒಂದು ಮೂಲೆಯಲ್ಲಿ ಕುಳಿತು ಇನ್ನೂ ಅಳುತ್ತಿದ್ದನು. ಅಲ್ಲಿದ್ದ ಒಬ್ಬರು, ತಾವು ಮಾಡಿದ್ದು ಅನ್ಯಾಯವಾಯಿತೆಂದು ಗುರುಗಳಿಗೇ ಹೇಳಿದರು. ಆಗ ಶುಅಬಾ ತಮ್ಮ ಕೋಪದ ಕಾರಣವನ್ನು ವಿವರಿಸಿದರು.

ಆ ಹದೀಸಿನಲ್ಲಿ ಆಕ್ಷೇಪಿಸತಕ್ಕದ್ದೇನೂ ಇರಲಿಲ್ಲ. ಪ್ರಾರ್ಥನೆಗೆ ಮುನ್ನ ಕೈಕಾಲು ಮುಖಗಳನ್ನು ಚೆನ್ನಾಗಿ ತೊಳೆದು, ಶ್ರದ್ಧೆಯಿಂದ ಪ್ರಾರ್ಥಿಸಿ ಕ್ಷಮೆ ಬೇಡಿದವನ ಪಾಪವು ಪರಿಹಾರವಾಗುವುದೆಂಬುದೇ ಅದರ ತಾತ್ಪರ್ಯ. ಹಿಂದೊಮ್ಮೆ ಶುಅಬಾ ಅದನ್ನು ಕೂಫಾ ನಗರದ ಅಬೂ ಇಸ್‌ಹಾಕರಿಂದ ಕೇಳಿದ್ದರು. ಅಬ್ದುಲ್ಲಾ ಬಿನ್ ಅತಾ ಎಂಬವರು ಪೈಗಂಬರರ ಸಂಗಾತಿಗಳಾದ ಉಕ್ಬಾ ಅವರಿಂದ ಇದನ್ನು ತಿಳಿಸಿದರೆಂದು ಅಬೂ ಇಸ್‌ಹಾಕರು ಹೇಳಿದರು. ಅಬ್ದುಲ್ಲಾ ಸ್ವತಃ ಉಕ್ಬಾರ ಬಾಯಿಂದ ಕೇಳಿದ್ದಾರೆಯೇ ಎಂದು ಶುಅಬಾ ಪ್ರಶ್ನಿಸಿದರು. ಅಬೂ ಇಸ್‌ಹಾಕರಿಗೆ ಸಿಟ್ಟು ಬಂದಿತು. ಪಕ್ಕದಲ್ಲಿದ್ದ ಮತ್ತೊಬ್ಬ ವಿದ್ವಾಂಸರು, ಅಬ್ದುಲ್ಲಾ ಇನ್ನೂ ಬದುಕಿದ್ದಾರೆ, ಮೆಕ್ಕಾದಲ್ಲಿದ್ದಾರೆ ಎಂದು ಸೂಚನೆ ಕೊಟ್ಟರು. ಶುಅಬಾ ಮೆಕ್ಕಾಕ್ಕೆ ಹೊರಟರು. ಆ ವರ್ಷ ತಮ್ಮ ಉದ್ದೇಶ ಹಜ್ ಯಾತ್ರೆಯಾಗಿರಲಿಲ್ಲ, ಈ ಒಂದು ಹದೀಸೇ ಆಗಿತ್ತೆಂದು ಅವರೇ ಹೇಳಿಕೊಂಡಿದ್ದಾರೆ.

ಮೆಕ್ಕಾದಲ್ಲಿ ಅಬ್ದುಲ್ಲಾ ಸಿಕ್ಕಿದರು. ಕೇಳಿದರೆ, ತನಗೆ ಹೇಳಿದವರು ಸಾದ್ ಬಿನ್ ಇಬ್ರಾಹೀಮರು ಎಂದರು. ಸಾದರು ಆ ವರ್ಷ ಹಜ್ಜಿಗೆ ಬಂದಿರಲಿಲ್ಲ, ಮದೀನಾದಲ್ಲಿದ್ದರು. ಶುಅಬಾ ಮದೀನಾಕ್ಕೆ ನಡೆದರು. ಸಾದರು ನಕ್ಕರೋ ಇಲ್ಲವೋ ತಿಳಿಯದು. ಆದರೆ ಅವರು ಕೊಟ್ಟ ಉತ್ತರವು ನಗು ಬರಿಸುವಂಥದೇ. ಈ ಮಾತು ನಿಮ್ಮ ಊರಿನಿಂದಲೇ ಬಂದದ್ದು, ಬಸ್ರಾದ ಜಿಯಾದ್ ಬಿನ್ ಮಿಖ್ರಾಕರು ನನಗೆ ಹೇಳಿದರು ಎಂದರು. ಕೂಫಾದ ಹದೀಸು ಮೆಕ್ಕಾದ್ದಾಯಿತು, ಮೆಕ್ಕಾದ್ದು ಮದೀನಾದ್ದಾಯಿತು, ಈಗ ನೋಡಿದರೆ ಬಸ್ರಾದ್ದು! ಶುಅಬಾ ಬಸ್ರಾಕ್ಕೆ ಮರಳಿ ಬಂದರು. ಬಣ್ಣಗೆಟ್ಟ ಮುಖ, ಕೊಳೆಯಾದ ಬಟ್ಟೆ, ಬೆಳೆದ ಕೂದಲು. ಅವರ ಅವತಾರವನ್ನು ಕಂಡ ಜಿಯಾದರು, ಈ ಹದೀಸು ನಿಮಗೆ ಬೇಕಾದುದಲ್ಲ ಎಂದು ತಪ್ಪಿಸಲು ನೋಡಿದರು. ಶುಅಬಾ ಬಿಡಲಿಲ್ಲ. ಹಾಗಾದರೆ ಮೊದಲು ಹಮ್ಮಾಮಿಗೆ ಹೋಗಿ ಸ್ನಾನ ಮಾಡಿ, ಬಟ್ಟೆ ಒಗೆದುಕೊಂಡು ಬನ್ನಿ ಎಂದು ಕಳಿಸಿ, ಬಂದ ಮೇಲೆ ಹೇಳಿದರು: ತಮಗೆ ಇದನ್ನು ತಿಳಿಸಿದವರು ಶಹ್ರ್ ಬಿನ್ ಹೌಶಬರು, ಅವರಿಗೆ ಅಬೂ ರೈಹಾನರು, ಅವರಿಗೆ ಉಕ್ಬಾ.

ಶಹ್ರರ ಹೆಸರು ಕೇಳಿದೊಡನೆ ಶುಅಬಾರ ಎದೆ ಕುಸಿಯಿತು. ಅವರ ದೃಷ್ಟಿಯಲ್ಲಿ ಶಹ್ರರು ನಂಬತಕ್ಕ ನಿರೂಪಕರಾಗಿರಲಿಲ್ಲ. ಅಬ್ದುಲ್ಲಾರಿಂದ ಉಕ್ಬಾರವರೆಗೆ ಒಂದೇ ಹೆಜ್ಜೆಯೆಂದು ತೋರಿದ್ದ ಕಡೆ ನಾಲ್ವರ ಹೆಸರು ಮರೆಯಾಗಿತ್ತು. ಆ ನಾಲ್ವರಲ್ಲಿ ಒಬ್ಬರು ಸಂಶಯಾಸ್ಪದರು. ಈ ಹದೀಸು ನಿಜವಾಗಿದ್ದಿದ್ದರೆ ಅದು ನನಗೆ ನನ್ನ ಮನೆಮಂದಿಗಿಂತಲೂ ಆಸ್ತಿಗಿಂತಲೂ ಪ್ರಿಯವಾಗುತ್ತಿತ್ತೆಂದು ಅವರು ಹಲುಬಿದರಂತೆ. ಅದೇ ಹದೀಸನ್ನು ಶಿಷ್ಯನು ಬಾಗಿಲಲ್ಲಿ ಕುಳಿತು ಸಲೀಸಾಗಿ ಒಪ್ಪಿಸಿದಾಗ ಕೈ ತಡೆಯಲಿಲ್ಲ. ಇದನ್ನು ಹೋಲುವ ಮಾತು ಬೇರೊಂದು ನಿರ್ದುಷ್ಟವಾದ ಸರಪಳಿಯಿಂದ ಬಂದು ಮುಂದೆ ಪ್ರಮಾಣಗ್ರಂಥವೊಂದರಲ್ಲಿ ಸ್ಥಾನ ಪಡೆದಿದೆ. ಶುಅಬಾರ ತಕರಾರು ಮಾತಿನ ಮೇಲಿರಲಿಲ್ಲ. ಅದು ಬಂದ ಹಾದಿಯ ಮೇಲಿತ್ತು.

ಈ ಕತೆಗೊಂದು ಬಾಲವಿದೆ. ಏಟು ತಿಂದು ಅತ್ತ ನಸ್ರನೇ ಇದನ್ನು ಲೋಕಕ್ಕೆ ತಿಳಿಸಿದವನು. ಅದೇ ನಸ್ರನನ್ನು ಮುಂದಿನ ಪೀಳಿಗೆಯ ವಿಮರ್ಶಕರು ದುರ್ಬಲ ನಿರೂಪಕನೆಂದು ಪಟ್ಟಿಗೆ ಸೇರಿಸಿದರು. ಒಬ್ಬರಂತೂ ಸುಳ್ಳುಗಾರನೆಂದೇ ಬರೆದರು. ಪ್ರಯಾಣದ ಸಾರಾಂಶವು ಬೇರೆಯವರ ಬಾಯಿಂದಲೂ ಬಂದಿರುವುದರಿಂದ ನಾವು ಅದನ್ನು ನಂಬಬಹುದು. ಕಪಾಳದ ಏಟಿನ ವಿಚಾರವನ್ನು ವಾಚಕರು ತಮಗೆ ತೋರಿದಂತೆ ತೂಗಿಕೊಳ್ಳಲಿ.

ವಿಷಯವನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. ಮಹಮ್ಮದ್ ಪೈಗಂಬರರು ಕ್ರಿ. ಶ. 632ರಲ್ಲಿ ಮದೀನಾದಲ್ಲಿ ಕಾಲವಾದರು. ಅವರ ನಡೆನುಡಿಗಳನ್ನು ಕಂಡವರು, ಕೇಳಿದವರು ಮಕ್ಕಳಿಗೆ, ಶಿಷ್ಯರಿಗೆ ಹೇಳಿದರು. ಅವರು ಮತ್ತೊಬ್ಬರಿಗೆ ಹೇಳಿದರು. ಪ್ರಾರ್ಥನೆ, ದಾನ, ಮದುವೆ, ಆಸ್ತಿ ವಿಭಾಗ, ವ್ಯಾಪಾರ ಎಲ್ಲದಕ್ಕೂ ಕುರಾನಿನ ಅನಂತರ ಈ ಹದೀಸುಗಳೇ ಆಧಾರ. ಆದ್ದರಿಂದ ಪ್ರತಿಯೊಂದು ಹದೀಸಿಗೂ ಎರಡು ಅಂಗಗಳು ಬೆಳೆದುವು. ಒಂದು, ಹೇಳಿದ ಮಾತು. ಅದಕ್ಕೆ ‘ಮತ್ನ್’ ಎಂದು ಹೆಸರು. ಇನ್ನೊಂದು, ಅದನ್ನು ಹೊತ್ತು ತಂದವರ ಹೆಸರುಗಳ ಸರಪಳಿ. ಅದಕ್ಕೆ ‘ಸನದ್’ ಅಥವಾ ‘ಇಸ್ನಾದ್’ ಎಂದು ಹೆಸರು. ಈ ಸನದ್ ಶಬ್ದವು ನಮಗೆ ಅಪರಿಚಿತವಲ್ಲ. ವಕೀಲರ ಸನ್ನದು, ಇನಾಮು ಭೂಮಿಯ ಸನ್ನದು ಎಂದು ನಾವು ಹೇಳುವಾಗ ಅದೇ ಅರಬ್ಬೀ ಪದ ನಮ್ಮ ನಾಲಗೆಯಲ್ಲಿ ಆಡುತ್ತದೆ. ಒರಗಿಕೊಳ್ಳಲು ಆಧಾರವಾದದ್ದು ಎಂದು ಅದರ ಮೂಲಾರ್ಥ.

ಮೊದಮೊದಲು ಯಾರೂ ಈ ಸನ್ನದನ್ನು ಕೇಳುತ್ತಿರಲಿಲ್ಲವೆಂದು ಬಸ್ರಾದ ಇಬ್ನ್ ಸೀರೀನರು (ನಿಧನ 729) ನೆನಪು ಮಾಡಿಕೊಂಡಿದ್ದಾರೆ. ಸಮಾಜದಲ್ಲಿ ಅಂತಃಕಲಹ ಹುಟ್ಟಿದ ಮೇಲೆ ಮಾತ್ರ, ನಿಮಗೆ ಹೇಳಿದವರ ಹೆಸರು ತಿಳಿಸಿರಿ ಎಂದು ಕೇಳುವ ಪರಿಪಾಠ ಬಂದಿತಂತೆ. ಈ ಕಲಹವೆಂದರೆ ಮೂರನೆಯ ಖಲೀಫ ಉಸ್ಮಾನರು 656ರಲ್ಲಿ ಕೊಲೆಯಾದ ತರುವಾಯ ಎದ್ದ ಅಂತರ್ಯುದ್ಧವೆಂದು ಅನೇಕರ ಅಭಿಪ್ರಾಯ. ಪಕ್ಷಗಳು ಹುಟ್ಟಿದುವು, ಪ್ರತಿಯೊಂದು ಪಕ್ಷಕ್ಕೂ ಪೈಗಂಬರರ ಬಾಯಿಂದ ಒಂದು ಮಾತಿನ ಬೆಂಬಲ ಬೇಕಾಯಿತು. ಬೇಕಾದದ್ದು ಸಿಕ್ಕದಿದ್ದರೆ ಕಟ್ಟುವವರೂ ಹುಟ್ಟಿಕೊಂಡರು.

ಹಾಗೆ ಕಟ್ಟಿದವರೆಲ್ಲ ದುಷ್ಟರೆಂದು ತಿಳಿಯಬಾರದು. ಅರಮನೆಯ ಮುಖಸ್ತುತಿಗಾರರು ಇದ್ದರು, ನಿಜ. ಖಲೀಫ ಮೆಹದಿಗೆ (ಆಳ್ವಿಕೆ 775-785) ಪಾರಿವಾಳಗಳ ಹುಚ್ಚು. ಗಿಯಾಸ್ ಎಂಬವನೊಬ್ಬನು ಆಸ್ಥಾನಕ್ಕೆ ಬಂದು, ಪಂದ್ಯಗಳಲ್ಲಿ ಯಾವುವು ಸಮ್ಮತವೆಂಬ ಹದೀಸನ್ನು ಹೇಳುತ್ತ, ಬಾಣ, ಒಂಟೆ, ಕುದುರೆಗಳ ಸಾಲಿಗೆ ‘ರೆಕ್ಕೆ’ಯೊಂದನ್ನು ಮೆಲ್ಲನೆ ಸೇರಿಸಿದನು. ಖಲೀಫನು ಹತ್ತು ಸಾವಿರ ದಿರ್ಹಮುಗಳನ್ನು ಕೊಡಿಸಿದನು. ಆತನು ಬೆನ್ನು ತಿರುಗಿಸಿ ಹೊರಟೊಡನೆ, ಇದು ಸುಳ್ಳುಗಾರನ ಹಿಂಗತ್ತೆಂದು ನಾನು ಸಾಕ್ಷಿ ಹೇಳುವೆನೆಂದು ಉದ್ಗರಿಸಿ, ಇಷ್ಟಕ್ಕೆಲ್ಲ ಕಾರಣವಾದ ಪಾರಿವಾಳಗಳನ್ನು ಕೊಲ್ಲಿಸಿದನಂತೆ. ಸುಳ್ಳು ಹೇಳಿದವನು ಹಣ ಕಟ್ಟಿಕೊಂಡು ಹೋದನು, ತಪ್ಪರಿಯದ ಹಕ್ಕಿಗಳು ಸತ್ತುವು, ಅರಮನೆಯ ನ್ಯಾಯ!

ಆದರೆ ವಿಮರ್ಶಕರಿಗೆ ಇಂಥವನಿಗಿಂತ ಹೆಚ್ಚು ತೊಂದರೆ ಕೊಟ್ಟವರು ಸಾಧುಗಳು. ಮರ್ವ್ ನಗರದ ನೂಹ್ ಎಂಬ ಪಂಡಿತನು, ಜನರು ಕುರಾನನ್ನು ಬಿಟ್ಟು ಧರ್ಮಶಾಸ್ತ್ರದ ಚರ್ಚೆಯಲ್ಲಿ, ಯುದ್ಧಕಥೆಗಳಲ್ಲಿ ಮುಳುಗಿರುವುದನ್ನು ಕಂಡು ಮರುಗಿ, ಕುರಾನಿನ ಒಂದೊಂದು ಅಧ್ಯಾಯದ ಪಾರಾಯಣಕ್ಕೂ ಇಂಥಿಂಥ ಫಲವೆಂದು ಹದೀಸುಗಳನ್ನು ತಾನೇ ರಚಿಸಿದನೆಂದು ಹೇಳುತ್ತಾರೆ. ಸಜ್ಜನರು ಹದೀಸಿನಲ್ಲಿ ಹೇಳುವಷ್ಟು ಸುಳ್ಳನ್ನು ಬೇರೆಲ್ಲಿಯೂ ಹೇಳುವುದನ್ನು ಕಾಣೆನೆಂದು ಯಹ್ಯಾ ಅಲ್ ಕತ್ತಾನರು (ನಿಧನ 813) ನೊಂದು ನುಡಿದರು. ಇದಕ್ಕೆ ಮುಸ್ಲಿಂ ಬಿನ್ ಹಜ್ಜಾಜರು ಕೊಟ್ಟ ವಿವರಣೆ ಸಹಾನುಭೂತಿಯದು: ಅವರು ಬೇಕೆಂದು ಸುಳ್ಳಾಡುವುದಿಲ್ಲ, ಸುಳ್ಳು ಅವರ ನಾಲಗೆಯ ಮೇಲೆ ಹರಿದು ಹೋಗುತ್ತದೆ. ಮದೀನಾದಲ್ಲಿ ತಾನು ಕಂಡ ನೂರು ಮಂದಿ ಪ್ರಾಮಾಣಿಕರಿಂದ ಯಾರೂ ಹದೀಸು ಸ್ವೀಕರಿಸುತ್ತಿರಲಿಲ್ಲವೆಂದು ಅಬುಜ್ಜಿನಾದರು ಹೇಳಿದ್ದೂ ಇದೇ ಅಭಿಪ್ರಾಯದಿಂದ. ಒಳ್ಳೆಯವನಾಗಿರುವುದು ಬೇರೆ, ಕೇಳಿದ್ದನ್ನು ಕೇಳಿದಂತೆಯೇ ಹಿಡಿದಿಟ್ಟು ಹೇಳುವ ಸಾಮರ್ಥ್ಯ ಬೇರೆ.

ಆದುದರಿಂದ ನಿರೂಪಕನನ್ನು ಎರಡು ತಕ್ಕಡಿಗಳಲ್ಲಿ ತೂಗಿದರು. ಮೊದಲನೆಯದು ‘ಅದಾಲತ್’, ಎಂದರೆ ನಡತೆಯ ನೇರ. ನ್ಯಾಯಾಲಯಕ್ಕೆ ನಾವು ಹೇಳುವ ಅದಾಲತ್ತೂ ಇದೇ ಮೂಲದ ಶಬ್ದವೇ. ಎರಡನೆಯದು ‘ಜಬ್ತ್’, ಎಂದರೆ ಜ್ಞಾಪಕದ ಬಿಗಿ, ಅಥವಾ ಬರೆದಿಟ್ಟ ಪುಸ್ತಕದ ಶುದ್ಧಿ. ಮೊದಲನೆಯದನ್ನು ನೆರೆಹೊರೆಯವರಿಂದ, ಊರವರಿಂದ ವಿಚಾರಿಸಿ ತಿಳಿಯಬಹುದು. ಎರಡನೆಯದಕ್ಕೆ ಪರೀಕ್ಷೆಯೇ ಬೇಕು. ಒಬ್ಬ ಗುರುವಿನ ಹತ್ತು ಶಿಷ್ಯರು ಹೇಳುವುದನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಒಂಬತ್ತು ಮಂದಿ ಒಂದು ರೀತಿ ಹೇಳಿ ಹತ್ತನೆಯವನು ಪದೇಪದೇ ಬೇರೆ ರೀತಿ ಹೇಳಿದರೆ, ದೋಷವೆಲ್ಲಿದೆಯೆಂದು ಗೊತ್ತಾಗುತ್ತದೆ. ಹಳೆಯ ಕಾವ್ಯದ ಓಲೆಪ್ರತಿಗಳನ್ನು ಹರಡಿಕೊಂಡು ಪಾಠಾಂತರ ಗುರುತಿಸುವವರಿಗೆ ಈ ಕೆಲಸದ ಬೇಸರವೂ ರುಚಿಯೂ ಗೊತ್ತು. ವ್ಯತ್ಯಾಸವಿಷ್ಟೆ: ನಮ್ಮ ಓಲೆಗರಿಗಳು ಕೋಪಿಸಿಕೊಳ್ಳುವುದಿಲ್ಲ.

ಅವರ ಪ್ರತಿಗಳು ಕೋಪಿಸಿಕೊಳ್ಳುತ್ತಿದ್ದುವು. ಬಾಗ್ದಾದಿನ ಯಹ್ಯಾ ಬಿನ್ ಮಯೀನರು (775-848) ಈ ಶಾಸ್ತ್ರದ ಅತ್ಯಂತ ಕಠಿಣ ಪರೀಕ್ಷಕರಲ್ಲೊಬ್ಬರು. ತಂದೆ ಬಿಟ್ಟುಹೋದ ಹತ್ತು ಲಕ್ಷಕ್ಕೂ ಮೀರಿದ ದಿರ್ಹಮುಗಳನ್ನೆಲ್ಲ ಹದೀಸಿಗಾಗಿ ಅಲೆದು ಕಳೆದು, ಕೊನೆಗೆ ಕಾಲಿಗೆ ಜೋಡೂ ಇಲ್ಲದಂತಾದರೆಂದು ಚರಿತ್ರಕಾರರು ಬರೆಯುತ್ತಾರೆ. ಒಮ್ಮೆ ಅವರೂ ಅವರ ಮಿತ್ರರಾದ ಅಹ್ಮದ್ ಬಿನ್ ಹಂಬಲರೂ ಯೆಮೆನ್ ಯಾತ್ರೆಯಿಂದ ಹಿಂತಿರುಗುತ್ತ ಕೂಫಾಕ್ಕೆ ಬಂದರು. ಜೊತೆಗೆ ರಮಾದಿ ಎಂಬ ಎಳೆಯ ಶಿಷ್ಯ. ಅಲ್ಲಿನ ವೃದ್ಧ ವಿದ್ವಾಂಸರಾದ ಅಬೂ ನುಐಮರನ್ನು (ನಿಧನ 834) ಪರೀಕ್ಷಿಸಬೇಕೆಂದು ಇಬ್ನ್ ಮಯೀನರಿಗೆ ಚಪಲ. ಬೇಡ, ಆತ ನಂಬತಕ್ಕವರು ಎಂದು ಅಹ್ಮದರು ತಡೆದರೂ ಕೇಳಲಿಲ್ಲ. ಒಂದು ಹಾಳೆಯಲ್ಲಿ ಅಬೂ ನುಐಮರದೇ ಮೂವತ್ತು ಹದೀಸುಗಳನ್ನು ಬರೆದು, ಹತ್ತಕ್ಕೊಂದರಂತೆ ಅವರದಲ್ಲದ ಒಂದನ್ನು ನಡುವೆ ತುರುಕಿದರು.

ಮುದುಕರು ಮನೆಯ ಮುಂದಿನ ಮಣ್ಣಿನ ಜಗಲಿಯ ಮೇಲೆ ಬಂದು ಕುಳಿತರು. ಒಂದು ಬದಿಗೆ ಅಹ್ಮದರು, ಇನ್ನೊಂದು ಬದಿಗೆ ಇಬ್ನ್ ಮಯೀನರು, ಕೆಳಗೆ ರಮಾದಿ. ಓದು ಮೊದಲಾಯಿತು. ಹತ್ತು ಮುಗಿದು ಹನ್ನೊಂದನೆಯದು ಬಂದಾಗ, ಇದು ನನ್ನದಲ್ಲ, ಹೊಡೆದುಹಾಕು ಎಂದರು ಅಬೂ ನುಐಮರು. ಇನ್ನೂ ಹತ್ತು ಕಳೆದು ಎರಡನೆಯ ಕಳ್ಳನು ಬಂದಾಗಲೂ ಅದೇ ಮಾತು. ಮೂರನೆಯದು ಬಂದಾಗ ಅವರ ಮುಖವೇ ಬದಲಾಯಿತು. ಅಹ್ಮದರ ತೋಳನ್ನು ಹಿಡಿದು, ಇವರು ಇಂಥ ಕೆಲಸ ಮಾಡುವವರಲ್ಲ, ಅಷ್ಟು ದೈವಭೀರು ಎಂದರು. ರಮಾದಿಯನ್ನು ನೋಡಿ, ಈ ಹುಡುಗನಿಗೆ ಅಷ್ಟು ಎದೆಯಿಲ್ಲ ಎಂದರು. ಇದು ನಿನ್ನದೇ ಕೆಲಸವೆಂದು ಇಬ್ನ್ ಮಯೀನರನ್ನು ಕಾಲಿನಿಂದ ಒದ್ದು ಜಗಲಿಯಿಂದ ಉರುಳಿಸಿ, ಎದ್ದು ಒಳಗೆ ನಡೆದುಬಿಟ್ಟರು. ನಾನು ಮೊದಲೇ ಹೇಳಲಿಲ್ಲವೇ ಎಂದು ಅಹ್ಮದರು ಕೇಳಿದುದಕ್ಕೆ ಬಿದ್ದವರು ಧೂಳು ಕೊಡವಿಕೊಳ್ಳುತ್ತ, ಆ ಒದೆತ ನನಗೆ ಈ ಇಡೀ ಯಾತ್ರೆಗಿಂತ ಪ್ರಿಯವಾಯಿತು ಎಂದರಂತೆ.

ಇದೇ ಅಬೂ ನುಐಮರು ಇನ್ನೊಬ್ಬ ನಿರೂಪಕನನ್ನು ಹಿಡಿದ ಬಗೆಯೂ ಕೇಳತಕ್ಕದ್ದೇ. ಸಿಫೀನ್ ಯುದ್ಧದ ದಿನ ಇಬ್ನ್ ಮಸೂದರು ನಮ್ಮೆದುರಿಗೆ ಬಂದರೆಂದು ಒಂದು ವರದಿ ಹುಟ್ಟಿತ್ತು. ಸಿಫೀನ್ ಯುದ್ಧ ನಡೆದದ್ದು 657ರಲ್ಲಿ. ಇಬ್ನ್ ಮಸೂದರು ತೀರಿಕೊಂಡದ್ದು 653ರ ಸುಮಾರಿನಲ್ಲಿ. ಹಾಗಾದರೆ ಸತ್ತ ಮೇಲೆ ಅವರನ್ನು ಎಬ್ಬಿಸಿ ತಂದಿದ್ದರೋ ಎಂದು ಅಬೂ ನುಐಮರು ಕೇಳಿದರು. ನಿರೂಪಕರು ಸುಳ್ಳನ್ನು ಹಿಡಿದಾಗ ನಾವು ತಾರೀಖನ್ನು ಹಿಡಿದೆವೆಂದು ಸುಫ್ಯಾನ್ ಸೌರಿಯವರು (ನಿಧನ 778) ಹೇಳಿದ್ದು ಈ ಉಪಾಯವನ್ನೇ. ಯಾರು ಎಂದು ಹುಟ್ಟಿದರು, ಯಾವ ಊರಿನಲ್ಲಿದ್ದರು, ಯಾವ ವರ್ಷ ಯಾವ ಊರಿಗೆ ಹೋದರು, ಎಂದು ಸತ್ತರು? ಇದನ್ನೆಲ್ಲ ಬರೆದಿಡತೊಡಗಿದುದರಿಂದ ಅರಬ್ಬೀ ಭಾಷೆಯಲ್ಲಿ ಜೀವನಚರಿತ್ರೆಗಳ ಕೋಶಗಳೇ ಬೆಳೆದುವು. ಗುರುಶಿಷ್ಯರು ಒಂದೇ ಕಾಲದವರಾಗಿ ಭೇಟಿ ಸಾಧ್ಯವಿದ್ದರೆ ಸಾಕೆಂದು ಮುಸ್ಲಿಮರ ವಾದ. ಒಮ್ಮೆಯಾದರೂ ಭೇಟಿಯಾದದ್ದು ತಿಳಿದುಬರಬೇಕೆಂದು ಬುಖಾರಿಯವರ ಬಿಗಿ.

ವಯಸ್ಸಿನ ವಿಚಾರವನ್ನೂ ಅವರು ಮರೆಯಲಿಲ್ಲ. ಚಿಕ್ಕಂದಿನಲ್ಲಿ ಉಕ್ಕಿನ ಪೆಟ್ಟಿಗೆಯಂಥ ಜ್ಞಾಪಕವಿದ್ದವರಿಗೂ ಮುಪ್ಪಿನಲ್ಲಿ ಮರೆವು ಕವಿಯುತ್ತದೆ. ಕೂಫಾದ ಅತಾ ಬಿನ್ ಸಾಯಿಬರಿಗೆ ಹಾಗಾಯಿತು. ಅವರಿಂದ ಮೊದಲೇ ಕೇಳಿದ್ದ ಶುಅಬಾ, ಸುಫ್ಯಾನ್ ಮೊದಲಾದವರ ವರದಿಗಳನ್ನು ಒಪ್ಪಿ, ತಡವಾಗಿ ಬಂದವರ ವರದಿಗಳನ್ನು ಬಿಟ್ಟರು. ಬಸ್ರಾದ ಜರೀರ್ ಬಿನ್ ಹಾಜಿಮರ ಮನೆಯ ಸಂಗತಿ ಇದಕ್ಕಿಂತ ಮನಮುಟ್ಟುವಂಥದು. ಅವರ ಮಕ್ಕಳೂ ಹದೀಸು ಬಲ್ಲವರೇ. ತಂದೆಯ ಮಾತಿನಲ್ಲಿ ಗೊಂದಲ ಕಾಣಿಸಿಕೊಂಡೊಡನೆ ಅವರು ತಂದೆಯನ್ನು ಜನರ ಕಣ್ಣಿಗೆ ಬೀಳದಂತೆ ಮನೆಯೊಳಗೆ ಮರೆಮಾಡಿದರು. ಆ ಸ್ಥಿತಿಯಲ್ಲಿ ಅವರಿಂದ ಯಾರೂ ಏನನ್ನೂ ಕೇಳಲಿಲ್ಲ. ಜೀವಮಾನದ ಹೆಸರು ಉಳಿಯಿತು. ದೂರದೂರದಿಂದ ಬಂದ ಶಿಷ್ಯರಿಗೆ ದಿನವೂ ಬಾಗಿಲಲ್ಲಿ ನಿಂತು ಏನು ಕಾರಣ ಹೇಳಿ ಕಳಿಸುತ್ತಿದ್ದರೋ ಆ ಮಕ್ಕಳು!

ಮನೆಯವರೆಂಬ ಕಾರಣಕ್ಕೆ ರಿಯಾಯಿತಿಯೂ ಇರಲಿಲ್ಲ. ಬುಖಾರಿಯವರ ಗುರುಗಳಲ್ಲೊಬ್ಬರಾದ ಅಲೀ ಬಿನ್ ಅಲ್ ಮದೀನಿಯವರನ್ನು (778-849) ಒಮ್ಮೆ ಅವರ ತಂದೆಯ ವಿಷಯವಾಗಿಯೇ ಕೇಳಿದರು. ತಂದೆಯೂ ಹದೀಸು ಹೇಳುತ್ತಿದ್ದವರು. ಬೇರೆ ಯಾರನ್ನಾದರೂ ಕೇಳಿರಿ ಎಂದರು ಅಲೀ. ಇಲ್ಲ, ನಿಮ್ಮನ್ನೇ ಕೇಳುತ್ತೇವೆ ಎಂದು ಜನ ಹಟ ಹಿಡಿದರು. ಅವರು ತಲೆ ತಗ್ಗಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆಯೆತ್ತಿ, ಇದು ಧರ್ಮದ ವಿಷಯ, ನನ್ನ ತಂದೆ ದುರ್ಬಲ ನಿರೂಪಕರು ಎಂದು ನುಡಿದರು. ಜೈದ್ ಬಿನ್ ಅಬೀ ಉನೈಸರು ತಮ್ಮ ಸ್ವಂತ ಸಹೋದರನಿಂದ ಏನನ್ನೂ ತೆಗೆದುಕೊಳ್ಳಬೇಡಿರೆಂದು ಎಚ್ಚರಿಸಿದರು. ವಕೀ ಎಂಬ ವಿದ್ವಾಂಸರ ತಂದೆ ಸರಕಾರದ ಖಜಾನೆಯ ಅಧಿಕಾರಿ; ಆದ್ದರಿಂದ ತಂದೆಯಿಂದ ಕೇಳಿದ್ದನ್ನು ಹೇಳುವಾಗ ಅವರು ಜೊತೆಗೆ ಮತ್ತೊಬ್ಬರ ಸಾಕ್ಷ್ಯವನ್ನು ಸೇರಿಸಿಯೇ ಹೇಳುತ್ತಿದ್ದರು.

ಹಾಗಾದರೆ ಈ ಪರೀಕ್ಷಕರು ಎಂದೂ ತಪ್ಪಲಿಲ್ಲವೇ? ತಪ್ಪಿದರು, ತಪ್ಪಿದ್ದನ್ನು ಅವರ ಪರಂಪರೆಯೇ ಬರೆದಿಟ್ಟಿದೆ. ಮಿನ್ಹಾಲರೆಂಬವರಲ್ಲಿ ಕೇಳಲೆಂದು ಶುಅಬಾ ಹೋದಾಗ ಮನೆಯೊಳಗಿಂದ ತಂಬೂರಿಯ ನಾದ ಕೇಳಿಬಂದಿತು. ಬಾಗಿಲು ತಟ್ಟದೆಯೇ ಹಿಂದಿರುಗಿ, ಅವರನ್ನು ಕೈಬಿಟ್ಟರು. ಮನೆಯಲ್ಲಿ ಯಾರೋ ನುಡಿಸುತ್ತಿದ್ದಿರಬಹುದು, ಅವರಿಗೆ ತಿಳಿಯದೆಯೂ ಇರಬಹುದು, ಕೇಳಬಾರದಿತ್ತೆ ಎಂದು ಇತರರು ಆಕ್ಷೇಪಿಸಿದರು. ಮತ್ತೊಬ್ಬನು ಕುದುರೆಯನ್ನು ಚುಚ್ಚಿ ಓಡಿಸುತ್ತಿದ್ದನೆಂಬುದೇ ಅವರಿಗೆ ಸಾಕಾಯಿತಂತೆ! ನಾವು ಇಷ್ಟು ಹೊತ್ತು ಮೆಚ್ಚಿಕೊಂಡು ಬಂದ ಶುಅಬಾ ಇಲ್ಲಿ ಸ್ವಲ್ಪ ಚಿಕ್ಕವರಾಗಿ ಕಾಣುತ್ತಾರೆ. ಅವರು ತಿರಸ್ಕರಿಸಿದ ಶಹ್ರರನ್ನು ಕೂಡ ಇಬ್ನ್ ಮಯೀನರು ಮುಂದೆ ನಂಬತಕ್ಕವರೆಂದೇ ಎಣಿಸಿದರು. ಹನ್ನೊಂದನೆಯ ಶತಮಾನದ ಖತೀಬ್ ಬಾಗ್ದಾದಿಯವರು ತಂಬೂರಿಯಂಥ ಪ್ರಸಂಗಗಳನ್ನೇ ಉದಾಹರಿಸಿ, ದೂಷಣೆ ಮಾಡುವವನು ಕಾರಣವನ್ನೂ ಹೇಳಬೇಕೆಂಬ ನಿಯಮವನ್ನು ಸಮರ್ಥಿಸಿದರು. ಸಮಕಾಲೀನ ವಿದ್ವಾಂಸರು ಒಬ್ಬರನ್ನೊಬ್ಬರು ಜರೆದರೆ ಅದಕ್ಕೆ ಬೆಲೆ ಕೊಡಕೂಡದೆಂಬುದು ಇನ್ನೊಂದು ವಿವೇಕ. ಮದೀನಾದ ಇಮಾಂ ಮಾಲಿಕರು ಪೈಗಂಬರರ ಚರಿತ್ರೆ ಬರೆದ ಇಬ್ನ್ ಇಸ್‌ಹಾಕರನ್ನು ಮಹಾವಂಚಕನೆಂದು ಬೈದಿದ್ದರು. ಬೈಗುಳವೂ ಉಳಿಯಿತು, ಇಬ್ನ್ ಇಸ್‌ಹಾಕರೂ ಉಳಿದರು. ವಿದ್ವತ್ತಿನ ಅಸೂಯೆಯನ್ನು ಬಲ್ಲ ಕಾಲೇಜುಗಳ ನಾವು ಈ ನಿಯಮಕ್ಕೆ ತಲೆದೂಗಲೇಬೇಕು.

ಪಂಥಭೇದದ ವಿಷಯದಲ್ಲಿ ನನಗೆ ಅವರು ಹೆಚ್ಚು ಉದಾರಿಗಳಾಗಿ ತೋರುತ್ತಾರೆ. ಖಾರಿಜೀ ಪಂಥದ ಇಮ್ರಾನ್ ಬಿನ್ ಹಿತ್ತಾನನ ನಿರೂಪಣೆ ಬುಖಾರಿಯವರ ಸಂಗ್ರಹದಲ್ಲಿಯೇ ಇದೆ. ಇಬ್ನ್ ಖುಜೈಮರು ಶಿಯಾ ಪಂಥದ ಒಬ್ಬರಿಂದ ಹದೀಸು ಹೇಳುವಾಗ, ಆತನು ನಿರೂಪಣೆಯಲ್ಲಿ ವಿಶ್ವಾಸಾರ್ಹನು, ಮತದಲ್ಲಿ ಶಂಕಿತನು ಎಂದು ಎರಡನ್ನೂ ಬೇರೆಬೇರೆ ಮಾಡಿ ಹೇಳುತ್ತಿದ್ದರು.

ತೀರ್ಪಿನ ಭಾಷೆಯೂ ಪಳಗಿದ ಭಾಷೆ. ವಿಶ್ವಾಸಾರ್ಹ, ಸತ್ಯವಂತ, ಮೆತ್ತಗೆ, ದುರ್ಬಲ, ತ್ಯಾಜ್ಯ, ಸುಳ್ಳುಗಾರ ಎಂದು ಮೆಟ್ಟಿಲುಗಳಿದ್ದುವು. ಆದರೆ ಒಂದೇ ಮಾತಿಗೆ ಒಬ್ಬೊಬ್ಬರಲ್ಲಿ ಒಂದೊಂದು ತೂಕ. ಇಬ್ನ್ ಮಯೀನರು ‘ಅಡ್ಡಿಯಿಲ್ಲ’ ಎಂದರೆ ಪೂರ್ಣ ವಿಶ್ವಾಸಾರ್ಹನೆಂದೇ ಅರ್ಥ. ಬುಖಾರಿಯವರು ಸುಳ್ಳುಗಾರನೆಂಬ ಮಾತನ್ನು ಆಡುವುದೇ ಅಪರೂಪ. ‘ಇವನ ವಿಷಯದಲ್ಲಿ ನೋಡಬೇಕಾದುದಿದೆ’ ಎಂದೋ, ‘ಇವನ ವಿಷಯದಲ್ಲಿ ಮೌನವಹಿಸಿದರು’ ಎಂದೋ ಬರೆದರೆಂದರೆ ಆ ಮನುಷ್ಯನ ಕತೆ ಮುಗಿಯಿತೆಂದು ತಿಳಿಯಬೇಕು.

ಈ ಬುಖಾರಿಯವರು (810-870) ಆರು ಲಕ್ಷ ವರದಿಗಳಿಂದ ತಮ್ಮ ‘ಸಹೀಹ್’ ಗ್ರಂಥವನ್ನು ಆರಿಸಿದರೆಂದು ಪ್ರತೀತಿ. ಒಂದೇ ಮಾತು ಹತ್ತು ಸರಪಳಿಗಳಲ್ಲಿ ಬಂದರೆ ಹತ್ತೆಂದು ಎಣಿಸುವ ಪದ್ಧತಿಯಿತ್ತೆಂಬುದನ್ನು ನೆನಪಿಟ್ಟರೆ ಸಂಖ್ಯೆ ಅಷ್ಟು ಬೆರಗಾಗಿಸದು. ಗ್ರಂಥದಲ್ಲಿರುವುದು ಪುನರುಕ್ತಿಗಳೂ ಸೇರಿ ಏಳು ಸಾವಿರಕ್ಕಿಂತ ಹೆಚ್ಚು. ಕಳೆದರೆ ಸುಮಾರು 2,600. ಅವರು ಬಾಗ್ದಾದಿಗೆ ಬಂದಾಗ ಹತ್ತು ಮಂದಿ ತಲಾ ಹತ್ತು ಹದೀಸುಗಳ ಸರಪಳಿಗಳನ್ನು ಅದಲುಬದಲು ಮಾಡಿ ಮುಂದಿಟ್ಟರೆಂದೂ, ನೂರಕ್ಕೂ ನನಗೆ ಗೊತ್ತಿಲ್ಲವೆಂದ ಬುಖಾರಿಯವರು ಅನಂತರ ಒಂದೊಂದನ್ನೂ ಕ್ರಮವಾಗಿ ತಿದ್ದಿ ಸರಿಯಾದ ಸರಪಳಿಗೆ ಸೇರಿಸಿ ಹೇಳಿದರೆಂದೂ ಒಂದು ಪ್ರಸಿದ್ಧ ಕತೆಯಿದೆ. ಇದನ್ನು ಬರೆದಿಟ್ಟ ಇಬ್ನ್ ಅದೀಯವರು, ಹಲವರು ಹಿರಿಯರಿಂದ ಕೇಳಿದೆನೆಂದು ಮಾತ್ರ ಹೇಳುತ್ತಾರೆ. ಆ ಹಿರಿಯರ ಹೆಸರುಗಳನ್ನು ಹೇಳುವುದಿಲ್ಲ. ಇಂಥ ಸನ್ನದನ್ನು ಬುಖಾರಿಯವರ ಮುಂದೆಯೇ ಇಟ್ಟಿದ್ದರೆ ಏನೆನ್ನುತ್ತಿದ್ದರೋ!

ಹೊರಗಿನವರಿಗೆ ಇದೆಲ್ಲ ಮಾಟದಂತೆ ತೋರುತ್ತಿತ್ತು. ಇರಾನಿನ ರೈ ಪಟ್ಟಣದಲ್ಲಿ ಅಬೂ ಹಾತಿಮರ ಬಳಿಗೆ (ನಿಧನ 890) ಒಬ್ಬನು ಒಂದು ಹೊತ್ತಗೆಯನ್ನು ತಂದು ತೋರಿಸಿದನು. ಅವರು ಇದು ತಪ್ಪು, ಇದು ಅಸಂಭಾವ್ಯ, ಇದು ಸುಳ್ಳು, ಉಳಿದವು ಸರಿ ಎಂದು ಗುರುತಿಸುತ್ತ ಹೋದರು. ಅದೃಶ್ಯವನ್ನು ಕಾಣುವ ಶಕ್ತಿಯಿದೆಯೇ ನಿಮಗೆ ಎಂದು ಬಂದವನು ಕೆಣಕಿದನು. ಅಬೂ ಹಾತಿಮರು ಅವನನ್ನು ಅಬೂ ಜುರ್ಆ ಅವರಲ್ಲಿಗೆ ಕಳಿಸಿದರು. ಅವರೂ ಅವನ್ನೇ ಅಲ್ಲಗಳೆದರು. ಇಬ್ಬರೂ ಕೂಡಿ ಮಾತಾಡದೆ ಒಂದೇ ತೀರ್ಪು ಹೇಳಿದುದನ್ನು ಕಂಡು ಅವನು ಬೆರಗಾಗಿ ಮರಳಿದಾಗ ಅಬೂ ಹಾತಿಮರು ನಾಣ್ಯದ ಉಪಮೆಯನ್ನು ಕೊಟ್ಟರು. ದೀನಾರನ್ನು ನೋಟಗಾರನಿಗೆ ತೋರಿಸಿದರೆ ಇದು ಖೋಟಾ ಎನ್ನುತ್ತಾನೆ. ಅಚ್ಚು ಹಾಕುವಾಗ ನೀನಲ್ಲಿದ್ದೆಯಾ ಎಂದು ಯಾರೂ ಕೇಳುವುದಿಲ್ಲ. ಅದು ಅವನಿಗೆ ಒಲಿದ ವಿದ್ಯೆ.

ಇತ್ತೀಚಿನ ಕಾಲದ ಪಾಶ್ಚಾತ್ಯ ವಿದ್ವಾಂಸರು ಈ ವಿದ್ಯೆಯನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಹಂಗೇರಿಯ ಗೋಲ್ಡ್‌ಜಿಹರ್ 1890ರಲ್ಲಿ, ಜೋಸೆಫ್ ಶಾಖ್ತ್ 1950ರಲ್ಲಿ, ಸರಪಳಿಗಳೇ ತರುವಾಯದ ಕಟ್ಟಡವಾಗಿರಬಹುದೆಂದು ವಾದಿಸಿದರು. ಅವರಿಗೆ ಉತ್ತರ ಕೊಟ್ಟವರೂ ಇದ್ದಾರೆ. ಜರ್ಮನಿಯ ಹಾರಾಲ್ಡ್ ಮೋಟ್ಸ್‌ಕಿಯಂಥವರು ಸರಪಳಿಯನ್ನೂ ಮಾತನ್ನೂ ಒಟ್ಟಿಗೆ ಹೋಲಿಸಿ ನಡುದಾರಿಯೊಂದನ್ನು ಹುಡುಕಿದರು. ಚರ್ಚೆ ಇನ್ನೂ ಮುಗಿದಿಲ್ಲ.

ಸ್ತ್ರೀಯರ ವಿಚಾರವನ್ನು ಹೇಳದಿದ್ದರೆ ಮನೆಯಲ್ಲಿ ಓದುವವರು ಕ್ಷಮಿಸಲಾರರು. ಪೈಗಂಬರರ ಪತ್ನಿ ಆಯಿಶಾ ಅವರಿಂದ ಮೊದಲ್ಗೊಂಡು ಹದೀ‌ಸು ಹೇಳಿದ ಸ್ತ್ರೀಯರು ಅನೇಕರು. ಬುಖಾರಿಯವರ ಗ್ರಂಥದ ವಿಶ್ವಾಸಾರ್ಹ ಪಾಠವನ್ನು ಮುಂದಿನವರಿಗೆ ಒಪ್ಪಿಸಿದವರಲ್ಲಿ ಮೆಕ್ಕಾದಲ್ಲಿದ್ದ ಕರೀಮಾ ಎಂಬ ವಿದುಷಿ ಒಬ್ಬರು. ಖತೀಬ್ ಬಾಗ್ದಾದಿಯವರು ಹಜ್ಜಿಗೆ ಹೋದಾಗ ಆಕೆಯ ಮುಂದೆ ಅದನ್ನು ಓದಿದರು. ದುರ್ಬಲ ನಿರೂಪಕರ ದೊಡ್ಡ ಕೋಶವನ್ನು ರಚಿಸಿದ ದಮಾಸ್ಕಸಿನ ಜಹಬಿಯವರು (1274-1348), ಸ್ತ್ರೀಯರಲ್ಲಿ ಅಪರಿಚಿತರಿದ್ದಾರೆಯೇ ಹೊರತು ಸುಳ್ಳಿನ ಆಪಾದನೆ ಹೊತ್ತವಳೊಬ್ಬಳನ್ನೂ ತಾನರಿಯೆನೆಂದು ದಾಖಲೆ ಮಾಡಿದ್ದಾರೆ. ಸಾವಿರಾರು ಪುರುಷರ ದೋಷಗಳನ್ನು ಪಟ್ಟಿಮಾಡಿದ ಕೈಯಿಂದ ಬಂದ ಮಾತಿದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಕುರಾನು ಸತ್ತ ಸೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿ ನಿಷೇಧಿಸಿದೆ. ಈ ವಿದ್ವಾಂಸರು ದಿನವೂ ಮಾಡುತ್ತಿದ್ದುದಾದರೂ ಏನು? ಅವನ ಜ್ಞಾಪಕ ಕೆಟ್ಟಿದೆ, ಇವನು ಸುಳ್ಳುಗಾರ, ಅವಳ ಗಂಡ ಕುಡಿಯುತ್ತಾನೆ! ಬನ್ನಿ, ದೇವರಿಗಾಗಿ ಸ್ವಲ್ಪ ಹೊತ್ತು ಚಾಡಿ ಹೇಳೋಣ ಎಂದು ಶುಅಬಾ ಇದನ್ನು ವಿನೋದಕ್ಕೆ ತಿರುಗಿಸುತ್ತಿದ್ದರು. ಅಹ್ಮದ್ ಬಿನ್ ಹಂಬಲರು ನಗಲಿಲ್ಲ. ವಿದ್ವಾಂಸರನ್ನು ನಿಂದಿಸಬೇಡಿರೆಂದು ಒಬ್ಬ ವಿರಕ್ತನು ಹೇಳಿದಾಗ, ಇದು ನಿಂದೆಯಲ್ಲ, ಹಿತೋಪದೇಶ ಎಂದು ಅವನನ್ನು ಗದರಿಸಿದರು. ಆದರೆ ಅಷ್ಟು ಕಠಿಣರೆಂದು ಹೆಸರಾದ ಇಬ್ನ್ ಮಯೀನರೇ, ನಾವು ದೂಷಿಸುತ್ತಿರುವ ಜನ ಎಂದೋ ಸ್ವರ್ಗದಲ್ಲಿ ಬಿಡಾರ ಹೂಡಿರಬಹುದು ಎಂದು ಹೇಳಿದ್ದರೆಂದು ಪ್ರತೀತಿ.

ಅಬೂ ಹಾತಿಮರ ಮಗ ಇಬ್ನ್ ಅಬೀ ಹಾತಿಮರು (ನಿಧನ 938) ತಂದೆಯ ಮತ್ತು ಅಬೂ ಜುರ್ಆರ ತೀರ್ಪುಗಳನ್ನೆಲ್ಲ ಕೂಡಿಸಿ, ‘ಜರ್ಹ್ ವ ತಅದೀಲ್’, ಎಂದರೆ ದೂಷಣೆ ಮತ್ತು ಸಮರ್ಥನೆ, ಎಂಬ ಕೋಶವನ್ನು ರಚಿಸಿದರು. ಹದಿನೆಂಟು ಸಾವಿರದಷ್ಟು ನಿರೂಪಕರ ಹೆಸರುಗಳು ಅದರಲ್ಲಿವೆ. ಒಂದು ದಿನ ಅವರು ಅದನ್ನು ಶಿಷ್ಯರಿಗೆ ಓದಿ ಹೇಳುತ್ತಿದ್ದಾಗ ಯೂಸುಫ್ ಬಿನ್ ಹುಸೈನರೆಂಬ ಸೂಫಿ ಸಂತರು ಬಂದು, ಅದೇನೆಂದು ವಿಚಾರಿಸಿದರು. ಯಾರು ನಂಬತಕ್ಕವರು, ಯಾರು ಅಲ್ಲ ಎಂಬುದನ್ನು ತಿಳಿಸುವ ಗ್ರಂಥವೆಂದು ಉತ್ತರ ಬಂದಿತು. ಇವರಲ್ಲಿ ಎಷ್ಟು ಮಂದಿ ನೂರು ಇನ್ನೂರು ವರ್ಷಗಳ ಹಿಂದೆಯೇ ಸ್ವರ್ಗದಲ್ಲಿ ತಮ್ಮ ಹೊರೆಯನ್ನಿಳಿಸಿದ್ದಾರೋ, ನೀವು ಇಲ್ಲಿ ಭೂಮಿಯ ಮೇಲೆ ಕುಳಿತು ಅವರನ್ನು ಆಡಿಕೊಳ್ಳುತ್ತಿದ್ದೀರಲ್ಲ ಎಂದರು ಸಂತರು. ಇಬ್ನ್ ಅಬೀ ಹಾತಿಮರಿಗೆ ಅಳು ಬಂದುಬಿಟ್ಟಿತು. ಇಬ್ನ್ ಮಯೀನರ ಆ ಮಾತನ್ನು ಒಬ್ಬರು ತಿಳಿಸಿದಾಗಲಂತೂ ಕೈ ನಡುಗಿ ಪುಸ್ತಕ ಕೆಳಗೆ ಬಿದ್ದಿತು. ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಕೇಳಿದರಂತೆ.

ಪುಸ್ತಕವನ್ನು ಅವರು ಸುಡಲಿಲ್ಲ, ಯಾರ ಹೆಸರನ್ನೂ ತೆಗೆಯಲಿಲ್ಲ. ಅದು ಸಾವಿರ ವರ್ಷ ಕೈಬರಹದಲ್ಲಿಯೇ ಉಳಿದು, ಕೊನೆಗೆ ಅಚ್ಚಾದದ್ದು ನಮ್ಮ ನೆರೆಯ ಹೈದರಾಬಾದಿನಲ್ಲಿ. 1888ರಲ್ಲಿ ಸ್ಥಾಪನೆಯಾದ ದಾಯಿರತುಲ್ ಮಆರಿಫ್ ಮುದ್ರಣಾಲಯವು ಇಬ್ನ್ ಹಜರರ ಹನ್ನೆರಡು ಸಂಪುಟಗಳ ನಿರೂಪಕಕೋಶವನ್ನು 1907-1909ರಲ್ಲಿ ಹೊರತಂದಿತ್ತು. ಬುಖಾರಿಯವರ ಚರಿತ್ರಕೋಶವೂ ಅಲ್ಲಿಯೇ ಅಚ್ಚಾಯಿತು. ಇಬ್ನ್ ಅಬೀ ಹಾತಿಮರ ಕೋಶವನ್ನು ಸಿದ್ಧಪಡಿಸಿದವರು ಯೆಮೆನಿನಿಂದ ಬಂದು ಅಲ್ಲಿ ಬಹುಕಾಲ ದುಡಿದ ಮುಅಲ್ಲಿಮಿ ಎಂಬ ಪಂಡಿತರು. ಕಲಬುರ್ಗಿ, ರಾಯಚೂರು, ಬೀದರುಗಳೂ ಆಗ ಹೈದರಾಬಾದು ಸಂಸ್ಥಾನ, ಬಳಿಕ ರಾಜ್ಯಕ್ಕೆ ಸೇರಿದ್ದ ಕಾಲವದು. ಗ್ರಂಥವು ಒಂಬತ್ತು ಸಂಪುಟಗಳಾಗಿ 1953ರ ವೇಳೆಗೆ ಮುಗಿಯಿತು. ರೈ ಪಟ್ಟಣದಲ್ಲಿ ಆ ದಿನ ನಡುಗುವ ಕೈಯಿಂದ ಜಾರಿಬಿದ್ದ ಹೆಸರುಗಳೆಲ್ಲ ಅದರಲ್ಲಿ ಅಕಾರಾದಿಯಾಗಿ ನಿಂತಿವೆ.